ಮೇಪಲ್ ಕತ್ತರಿಸುವ ಕಾಲ

ಕಾನ್ಸೆಪ್ಟಾ ಗಂಡನ ಶವಪೆಟ್ಟಿಗೆಯ ಮೇಲಿದ್ದ ಹೂವಿನ ಚಕ್ರವನ್ನು ಎಳೆದು ತೆಗೆದು, ಸೇವಂತಿಗೆಗಳ ನಡುವೆ ಸಿಕ್ಕಿಸಿದ್ದ ಕೆಂಪೆಲೆಯ ಗೆಲ್ಲನ್ನು ಎತ್ತಿ ಹಿಡಿದಳು.

"ಯಾರು ಕೊಯ್ದದ್ದು ಇದನ್ನು?"

ಅಂಗಳದಲ್ಲಿ ನಡೆಯುತ್ತಿದ್ದ ಜಪ ಅರ್ಧಕ್ಕೇ ನಿಂತಿತು.

"ನಾನೇ, ವೊನಿ," ಎಂದು ಅತ್ತಿಗೆಗೆ ಹೇಳಿದಳು ಕಾರ್ಕಳದಿಂದ ಬಂದಿದ್ದ ನಾದಿನಿ ಆಲಿಸ್. "ಹೂ ಸಾಲಲಿಲ್ಲ. ಚಂದದ ಕ್ರೋಟನ್ ಅಂತ ನಾಲ್ಕು ಗೆಲ್ಲು ಕೊಯ್ದೆ."

"ಕ್ರೋಟನ್ ಅಲ್ಲ, ನಿನ್ನ ಅಣ್ಣನ ಜಪಾನ್ ಮೇಪಲ್! ಎಪ್ರಿಲಿನಲ್ಲಿ ಯಾರಾದರೂ ಅದಕ್ಕೆ ಕತ್ತಿ ಹಾಕ್ತಾರಾ?"

ಸತ್ತ ಲಿಗೋರಿಯ ತಮ್ಮ ಪ್ಯಾಟ್ರಿಕ್‌ಗೆ ತಲೆ ಚಿಟ್ಟು ಹಿಡಿಯಿತು. "ಗಿಡದ ಪಂಚಾತಿಕೆ ಆಮೇಲೆ ಮಾಡುವ, ವೊನಿ. ಇಗರ್ಜಿಯಲ್ಲಿ ಪಾದ್ರಿಗಳು ಕಾಯ್ತಾ ಇದ್ದಾರೆ."

* * *

ಹಡಗಿನಲ್ಲಿ ಅಡುಗೆಯವನಾಗಿದ್ದ ಲಿಗೋರಿ 1976ರಲ್ಲಿ ಕೆಲಸ ಬಿಟ್ಟು ಕಾಪುವಿಗೆ ಮರಳಿದ. ಉಳಿದವರು ಟೇಪ್ ರೆಕಾರ್ಡರ್ ತಂದರೆ ಈ ಪುಣ್ಯಾತ್ಮ ತಂದದ್ದು ಕುಂಡದಲ್ಲೊಂದು ಗೇಣುದ್ದದ ಕುಳ್ಳ ಮರ. ಎಲೆ ಉದುರಿದ ಮೇಲೆ, ಚಳಿಗಾಲದಲ್ಲಿ ಮಾತ್ರ ಗೆಲ್ಲು ಕತ್ತರಿಸಬೇಕು, ಚಿಗುರಿದಾಗ ಕತ್ತರಿಸಿದರೆ ರಸ ಸೋರಿ ಸಾಯುತ್ತದೆ ಎಂದು ಜಪಾನಿನ ಕೋಬೆ ಬಂದರಿನ ಮುದುಕನೊಬ್ಬ ಹೇಳಿಕೊಟ್ಟಿದ್ದನಂತೆ. ಕಾಪುವಿಗೆ ಚಳಿಗಾಲವನ್ನು ಎಲ್ಲಿಂದ ತರುವುದು? ಡಿಸೆಂಬರ್ ಬಂತೆಂದರೆ ಮೀನು ಮಾರುವ ಬೂಬನಿಂದ ಮಂಜುಗಡ್ಡೆ ತಂದು ಕುಂಡದ ಸುತ್ತ ಸುರಿಯುತ್ತಿದ್ದ. ಕ್ರಿಸ್ಮಸ್ಸಿಗೆ ಬಂದ ನೆಂಟರು ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದರು.

"ಹಬ್ಬದ ತಿಂಡಿಗೆ ಕೈ ಹಾಕ್ಲಿಕ್ಕೆ ನಿಮಗೆ ಪುರುಸೊತ್ತಿಲ್ಲ, ಗಿಡಕ್ಕೆ ಚಳಿ ಮಾಡ್ಲಿಕ್ಕೆ ಉಂಟು," ಎಂದು ಕಾನ್ಸೆಪ್ಟಾ ರೇಗುತ್ತಿದ್ದಳು. "ಒಂದು ದಿನ ನಾನೇ ಇದನ್ನು ಕಡಿದು ಒಲೆಗೆ ಹಾಕ್ತೇನೆ."

"ಹಾಕು. ಆದರೆ ಮೊದಲು ಎಲೆ ಉದುರಲಿ," ಎನ್ನುತ್ತಿದ್ದ ಲಿಗೋರಿ.

* * *

"ಪೀಡೆ ಗಿಡ ಅಂತ ನೀವೇ ಬೈತಾ ಇದ್ದಿರಲ್ಲ?" ಆಲಿಸ್ ಅಳುಮುಖ ಮಾಡಿದಳು.

"ನಾನು ಬೈತೇನೆ. ನನ್ನ ಗಂಡ, ನನ್ನ ಮನೆಯ ಗಿಡ. ನಿನಗೆಂತ?"

ಆ ಗಿಡ ಬದುಕಲಿ ಎಂದು ಕಾನ್ಸೆಪ್ಟಾಳಿಗೆ ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ಅನಿಸಿರಲಿಲ್ಲ. ಈಗ ಅದೂ ಹೋದರೆ ಸಿಟ್ಟು ಮಾಡಲಿಕ್ಕೆ ಮನೆಯಲ್ಲಿ ಏನೂ ಉಳಿಯುವುದಿಲ್ಲ.

ಹಿತ್ತಲಿಗೆ ಹೋಗಿ ನೋಡಿದಳು. ಕತ್ತರಿಸಿದ ತುದಿಗಳಲ್ಲಿ ರಸ ಜಿನುಗುತ್ತಿತ್ತು. ದಡಬಡನೆ ತಿರುಗಿ ಬಂದು, ಗಂಡನ ತಲೆಯ ಬಳಿ ಉರಿಯುತ್ತಿದ್ದ ಮೇಣದಬತ್ತಿಯನ್ನು ಕಿತ್ತುಕೊಂಡಳು.

"ವೊನಿ, ಅದು ಎಂತಕ್ಕೆ?" ಪ್ಯಾಟ್ರಿಕ್ ಕೂಗಿದ.

"ಸೋರುವುದು ನಿಲ್ಲಬೇಕು."

ಪೆಟ್ಟಿಗೆಯನ್ನು ಹೆಗಲಿಗೇರಿಸಿದವರು ಬಿಸಿಲಲ್ಲಿ ಬೆವರುತ್ತಾ ನಿಂತರು. ಹಿತ್ತಲಲ್ಲಿ ಕಾನ್ಸೆಪ್ಟಾ ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಗಾಳಿಗೆ ಸೆರಗು ಅಡ್ಡ ಹಿಡಿದು, ಒಂದೊಂದೇ ಗಾಯದ ಮೇಲೆ ಮೇಣ ತೊಟ್ಟಿಕ್ಕಿಸುತ್ತಿದ್ದಳು.