ಹಿಂದೆ ಕೂತವರ ಹೆಲ್ಮೆಟ್ಟು

ನನ್ನ ಗಂಡನ ತಲೆಯಲ್ಲಿ ಕೂದಲಿಲ್ಲ. ಮದುವೆಯ ಫೋಟೋದಲ್ಲಿ ಅಷ್ಟೋ ಇಷ್ಟೋ ಇದೆ, ಆಮೇಲೆ ಅದೂ ಕೈಕೊಟ್ಟಿತು. ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅವರ ಹೊಸ ಹೆಲ್ಮೆಟ್ಟಿನ ಒಳಬಟ್ಟೆ ಬಿಚ್ಚಿ ಒಗೆಯಲು ಕೂತರೆ ಅದರಲ್ಲಿ ಮೊಳದುದ್ದದ ಕೂದಲೊಂದು ಸಿಕ್ಕಿತು. ಅದರ ಪಕ್ಕದಲ್ಲೇ ಒಂದು ಗುಂಗುರು ಕೂದಲು. ಮೂಸಿ ನೋಡಿದೆ. ಒಂದು ಕಡೆ ಸೆಂಟಿನ ವಾಸನೆ, ಇನ್ನೊಂದು ಕಡೆ ತಲೆನೋವಿನ ಮುಲಾಮಿನ ವಾಸನೆ. ಹೊಟ್ಟೆಕಿಚ್ಚು ಪಡೋಣವೆಂದರೆ ಯಾರ ಮೇಲೆ ಪಡಬೇಕೆಂದೇ ತಿಳಿಯಲಿಲ್ಲ. ಒಬ್ಬಳಾಗಿದ್ದರೆ ಸರಿ, ಇಲ್ಲಿ ಒಂದು ಊರೇ ಇತ್ತು.

ಇವರು ಬೈಕ್ ಟ್ಯಾಕ್ಸಿ ಓಡಿಸುತ್ತಾರೆ. ಮೊಬೈಲಿನಲ್ಲಿ ಯಾರಾದರೂ ಬುಕ್ ಮಾಡಿದರೆ ಹೋಗಿ, ಅವರನ್ನು ಹಿಂದೆ ಕೂರಿಸಿಕೊಂಡು, ಹೇಳಿದ ಕಡೆ ಬಿಟ್ಟು ಬರುವ ಕೆಲಸ. ತಮಗೊಂದು, ಹಿಂದೆ ಕೂತವರಿಗೊಂದು ಎಂದು ಎರಡು ಹೆಲ್ಮೆಟ್ಟು ಇರಲೇಬೇಕು. ಮೊದಲು ಎರಡನ್ನೂ ರಸ್ತೆ ಬದಿಯಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವವನ ಹತ್ತಿರವೇ ತಂದಿದ್ದರು. ಪೊಲೀಸರ ಕಣ್ಣಿಗೆ ಅವು ಹೆಲ್ಮೆಟ್ಟು, ನನ್ನ ಕಣ್ಣಿಗೆ ಬಕೆಟ್ಟು.

ಕೆಲವು ತಿಂಗಳ ಹಿಂದೆ ಒಂದು ಸಂಜೆ ಮೊಣಕೈ ತರಚಿಕೊಂಡು ಮನೆಗೆ ಬಂದರು. ಜಲ್ಲಿಯ ಮೇಲೆ ಚಕ್ರ ಜಾರಿತಂತೆ. ಬೀಳುವಾಗ ಪಟ್ಟಿಯ ಕ್ಲಿಪ್ಪು ಕಿತ್ತುಕೊಂಡು ಹೆಲ್ಮೆಟ್ಟು ಹಾರಿಹೋಗಿ, ಉರುಳುತ್ತಾ ಉರುಳುತ್ತಾ ಎದುರಿನ ಮೆಡಿಕಲ್ ಶಾಪಿನ ಮೆಟ್ಟಿಲ ಹತ್ತಿರ ನಿಂತಿತಂತೆ. ನಾವು ಇಲ್ಲಿ ಬಿದ್ದಿದ್ದರೆ ಅದು ಔಷಧಿ ತರಲು ಹೋಗಿತ್ತು ಎಂದು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ಹೆಲ್ಮೆಟ್ಟು ಉರುಳುತ್ತಿದ್ದಾಗ ಬೋಳು ತಲೆ ಎಲ್ಲಿತ್ತು ಎಂದು ಕೇಳಿದೆ. ಅದು ಇದ್ದಲ್ಲೇ ಇತ್ತು ಎಂದು ಹೇಳಿ ಕೈ ತೊಳೆಯಲು ಎದ್ದರು. ಮರುದಿನ ಅದೇ ಹಗ್ಗದಿಂದ ಇನ್ನೊಂದು ಬಕೆಟ್ಟು ಇಳಿದು ಬಂತು.

ಇವರನ್ನು ನಂಬಿದರೆ ಆಗುವುದಿಲ್ಲವೆಂದು ನಾನೇ ಹೆಲ್ಮೆಟ್ಟಿನ ಅಂಗಡಿಗೆ ಹೋದೆ. ನಾನು ಸೋಫಾ ಹೊಲಿಯುವವಳು. ಸ್ಪಂಜು ಎಂದರೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೆಬ್ಬೆಟ್ಟು ಒತ್ತಿ ಬಿಟ್ಟರೆ ಎಷ್ಟು ಬೇಗ ಮೇಲೆ ಬರುತ್ತದೆ ಎನ್ನುವುದರಲ್ಲೇ ಅದರ ಜಾತಕ ಗೊತ್ತಾಗುತ್ತದೆ. ಅಂಗಡಿಯವನು ಕೌಂಟರಿನ ಮೇಲೆ ಇಟ್ಟ ಹೆಲ್ಮೆಟ್ಟುಗಳಿಗೆಲ್ಲ ಹೆಬ್ಬೆಟ್ಟು ಒತ್ತಿದೆ. ಕಡಿಮೆ ಬೆಲೆಯ ಒಂದರಲ್ಲಿ ಸ್ಪಂಜು ಚೆನ್ನಾಗಿತ್ತು. ಇದೇ ಸಾಕು, ಸುಮ್ಮನೆ ಹೆಸರಿಗೆ ದುಡ್ಡು ಯಾಕೆ ಕೊಡಬೇಕು ಎಂದೆ.

ಅಂಗಡಿಯವನು ಒಳ್ಳೆಯವನು, ನಗಲಿಲ್ಲ. ನೀವು ನೋಡುತ್ತಿರುವುದು ಕಿವಿ, ಕೆನ್ನೆಗೆ ಹಿತವಾಗಲಿ ಎಂದು ಇಟ್ಟಿರುವುದು, ತಲೆ ಉಳಿಸುವುದು ಅದರ ಹಿಂದೆ ಇದೆ ಎಂದು ಬಟ್ಟೆ ಸರಿಸಿ ಥರ್ಮಾಕೋಲಿನಂಥ ಗಟ್ಟಿ ಪದರ ತೋರಿಸಿದ. ಅದು ಮೆತ್ತಗಿರಬಾರದಂತೆ. ಪೆಟ್ಟು ಬಿದ್ದಾಗ ತಾನು ಜಜ್ಜಿಹೋಗಿ ತಲೆಯನ್ನು ಉಳಿಸುತ್ತದಂತೆ, ಆಮೇಲೆ ಆ ಹೆಲ್ಮೆಟ್ಟಿನ ಕಥೆ ಮುಗಿದ ಹಾಗೆಯೇ. ನಾನು ಒತ್ತಿ ನೋಡಿ ಮೆಚ್ಚಿಕೊಂಡಿದ್ದರಲ್ಲಿ ಆ ಪದರ ಹಪ್ಪಳದಷ್ಟು ತೆಳ್ಳಗಿತ್ತು. ನಮ್ಮ ಅಂಗಡಿಯಲ್ಲೂ ಒಳಗೆ ಚೂರುಪಾರು ತುಂಬಿ ಮೇಲೆ ಒಳ್ಳೆಯ ಬಟ್ಟೆ ಹಾಕುವ ಸೋಫಾಗಳಿವೆ. ಹೊಲಿಯುವವಳೇ ನಾನಾಗಿದ್ದೂ ಮೋಸ ಹೋಗಲು ಹೊರಟಿದ್ದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಸಿಟ್ಟಿನಲ್ಲೇ ಬೂದು ಬಣ್ಣದ ದುಬಾರಿಯದನ್ನು, ಅಂದಾಜಿನ ಮೇಲೆ ನಡುವಿನ ಸೈಜಿನದು, ಪ್ಯಾಕ್ ಮಾಡಿಸಿದೆ. ಆ ದುಡ್ಡಿಗೆ ಇವರ ಬಕೆಟ್ಟುಗಳು ಒಂದು ಗೋಣಿ ಬರುತ್ತಿದ್ದವು.

ಇವರು ಬೇಡ ಎನ್ನಲಿಲ್ಲ. ಹಾಕಿಕೊಂಡು ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದರು. ಆದರೆ ನಾವಿಬ್ಬರೂ ಒಟ್ಟಿಗೆ ಹೊರಟಾಗ ಅದನ್ನು ನನ್ನ ತಲೆಗೇ ಹಾಕುತ್ತಿದ್ದರು. ಗದ್ದದ ಕೆಳಗಿನ ಪಟ್ಟಿಯನ್ನು ತಾವೇ ಬಿಗಿದು, ಎರಡು ಬೆರಳು ತೂರಿಸಿ ಹೆಚ್ಚು ಬಿಗಿಯಾಯಿತೇನೋ ಎಂದು ನೋಡುತ್ತಿದ್ದರು. ಐವತ್ತರ ಹತ್ತಿರ ಬಂದ ಹೆಂಗಸು ನಾನು, ಆ ಹೊತ್ತಿಗೆ ಹೊಸ ಮದುವಣಗಿತ್ತಿಯ ಹಾಗೆ ಕತ್ತೆತ್ತಿ ನಿಲ್ಲುತ್ತಿದ್ದೆ. ಬಾಯಿಬಿಟ್ಟು ಪ್ರೀತಿ ಹೇಳುವ ಗಂಡಸಲ್ಲ, ಹೀಗಾದರೂ ಹೇಳುತ್ತಾರಲ್ಲ ಎಂದುಕೊಳ್ಳುತ್ತಿದ್ದೆ.

ಕೂದಲು ಸಿಕ್ಕ ವಿಷಯವನ್ನು ನಾನು ಎತ್ತಲಿಲ್ಲ. ಎರಡು ದಿನ ಬಿಟ್ಟು ಅದು ತಾನಾಗಿಯೇ ಗೊತ್ತಾಯಿತು. ನಮ್ಮ ಸೋಫಾ ಅಂಗಡಿ ಸಿಗ್ನಲ್ಲಿನ ಪಕ್ಕದಲ್ಲೇ ಇದೆ. ಬಾಗಿಲ ಹತ್ತಿರ ಬೆಳಕಿಗೆ ಕೂತು ಕುರ್ಚಿಯೊಂದರ ಹಳೆಯ ಮೊಳೆ ಕೀಳುತ್ತಿದ್ದೆ, ತಲೆಯೆತ್ತಿದರೆ ನಮ್ಮ ಬೈಕು. ಮುಂದೆ ಬಕೆಟ್ಟು ಹಾಕಿಕೊಂಡ ನನ್ನ ಗಂಡ, ಹಿಂದೆ ದಢೂತಿ ಮನುಷ್ಯನೊಬ್ಬ, ಅವನ ತಲೆಯ ಮೇಲೆ ನನ್ನ ಬೂದು ಹೆಲ್ಮೆಟ್ಟು. ಸಿಗ್ನಲ್ಲು ದಾಟಿ ಬ್ಯಾಂಕಿನ ಮುಂದೆ ನಿಂತರು. ಆ ಮನುಷ್ಯನಿಗೆ ಪಟ್ಟಿ ಬಿಚ್ಚಲು ಬರಲಿಲ್ಲ, ಕತ್ತೆತ್ತಿ ನಿಂತ. ಇವರು ಅದೇ ಎರಡು ಬೆರಳನ್ನು ಅವನ ಗದ್ದದ ಕೆಳಗೆ ತೂರಿಸಿ ಮೆಲ್ಲಗೆ ಬಿಚ್ಚಿಕೊಟ್ಟರು. ಹೆಲ್ಮೆಟ್ಟು ಕೊಟ್ಟಿದ್ದಕ್ಕಿಂತ ಆ ಎರಡು ಬೆರಳು ನನ್ನನ್ನು ಹೆಚ್ಚು ಚುಚ್ಚಿದವು.

ಸಂಜೆ ಟೀ ಲೋಟ ಮುಂದಿಟ್ಟು, ಬ್ಯಾಂಕಿನ ಹತ್ತಿರ ಇಳಿದವರ ತಲೆಯ ಸೈಜು ಎಷ್ಟು ಎಂದು ಕೇಳಿದೆ. ಇವರಿಗೆ ತಕ್ಷಣ ಅರ್ಥವಾಯಿತು. ಟೀ ಲೋಟವನ್ನು ಕೈಗೆತ್ತಿಕೊಂಡರು. ಆಮೇಲೆ, ಮುಂದೆ ಕೂತವನಿಗೆ ಗುಂಡಿ ಕಾಣುತ್ತದೆ, ಬ್ರೇಕು ಅವನ ಕೈಯಲ್ಲಿರುತ್ತದೆ, ಹಿಂದೆ ಕೂತವರಿಗೆ ಕಾಣುವುದು ನನ್ನ ಬೆನ್ನು ಮಾತ್ರ, ಅದನ್ನೇ ನಂಬಿಕೊಂಡು ಬರುತ್ತಾರೆ, ಅದಕ್ಕೇ ಒಳ್ಳೆಯದು ಅವರಿಗೆ ಎಂದರು. ಹೆಲ್ಮೆಟ್ಟು ತಂದ ಮೊದಲ ದಿನದಿಂದಲೂ ಹೀಗೇ ಅಂತೆ.

"ಅವರನ್ನ ಕಾಯ್ಕೊಂಡು ಅವರ ಮನೇಲಿ ಯಾರಾದ್ರೂ ಇರ್ತಾರೆ," ಎಂದೆ. "ನಾನು ಕಾಯ್ಕೊಂಡು ಕೂರೋದು ನಿಮ್ಮ ತಲೆಗೆ. ಊರವರ ತಲೆಗಲ್ಲ."

ನಮಗೆ ಮಕ್ಕಳಿಲ್ಲ. ಅವರಿಗೆ ನಾನು, ನನಗೆ ಅವರು, ಅಷ್ಟೇ ನಮ್ಮ ಸಂಸಾರ. ಅದು ಅವರಿಗೂ ಗೊತ್ತು.

ಇವರು ಲೋಟವನ್ನು ಕೆಳಗಿಟ್ಟರು. "ಅವತ್ತು ಹಾರಿಹೋಗಿದ್ದು ನನ್ನ ಹೆಲ್ಮೆಟ್ಟಲ್ಲ," ಎಂದರು.

ಹಿಂದೆ ಒಬ್ಬ ಹೆಂಗಸು ಕೂತಿದ್ದರಂತೆ. ನನ್ನ ವಯಸ್ಸಿನವರೇ, ಕೈಯಲ್ಲಿ ಊಟದ ಬ್ಯಾಗು. ಬಿದ್ದವರು ತಾವೇ ಎದ್ದು, ಬಟ್ಟೆ ಕೊಡವಿಕೊಂಡು, ಆ ಮೆಡಿಕಲ್ ಶಾಪಿನ ಮೆಟ್ಟಿಲ ಮೇಲೆ ಕೂತರಂತೆ. ರಕ್ತ ಇಲ್ಲ, ಗಾಯ ಇಲ್ಲ. ಇವರು ಸದ್ಯ ಬಚಾವಾದೆವು ಎಂದುಕೊಳ್ಳುವಷ್ಟರಲ್ಲಿ ಆಕೆ ಇವರ ಮುಖ ನೋಡಿ, ನಾನು ಎಲ್ಲಿಗೆ ಹೊರಟಿದ್ದೆ ಎಂದು ಕೇಳಿದರಂತೆ. ಇವರು ಮೊಬೈಲು ನೋಡಿ ವಿಳಾಸ ಹೇಳಿದರು. ಆಕೆ ಹೌದಾ ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಮತ್ತೆ ವಿಳಾಸ ಹೇಳಿದರು. ಆಕೆಯ ತಮ್ಮ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗುವ ತನಕ ಆಕೆ ಕೇಳುತ್ತಲೇ ಇದ್ದರು, ಇವರು ಹೇಳುತ್ತಲೇ ಇದ್ದರು.

ಮರುದಿನದ ಹೊತ್ತಿಗೆ ಸರಿಹೋದರಂತೆ. ಇವರು ಹೆದರಿ ಹೆದರಿ ಫೋನು ಮಾಡಿದರೆ ಆಕೆಯೇ, ಪಾಪ ನಿಮಗೇನೂ ಆಗಲಿಲ್ಲ ತಾನೇ ಎಂದು ವಿಚಾರಿಸಿದರಂತೆ.

"ಮೊಬೈಲಲ್ಲಿ ನನಗೆ ಐದು ಸ್ಟಾರ್ ಕೊಟ್ಟಿದ್ದಾರೆ ಕಣೇ," ಎಂದರು ನನ್ನ ಗಂಡ. "ಒಂದು ಬೈಗುಳ ಬೈದಿದ್ರೆ ನಾನು ಮರೀತಿದ್ದೆನೋ ಏನೋ."

ನನಗೆ ಹೆಮ್ಮೆಯೂ ಆಯಿತು, ಮೈಯೂ ಉರಿಯಿತು. ಇಷ್ಟು ದಿನ ಇದನ್ನೆಲ್ಲ ಒಬ್ಬರೇ ಹೊತ್ತುಕೊಂಡು ನನ್ನ ಹತ್ತಿರ ತಮಾಷೆಯ ಕಥೆ ಮಾಡಿ ಹೇಳಿದ್ದರಲ್ಲ ಎಂದು ಸಂಕಟವಾಯಿತು. ಕಂಡವರ ತಲೆಗೆ ಒಳ್ಳೆಯದನ್ನು ಹಾಕುವವನ ಹೆಂಡತಿ ಎನ್ನಿಸಿಕೊಳ್ಳುವುದು ಕೇಳಲಿಕ್ಕೆ ಚೆನ್ನ. ಸಂಜೆ ಬೈಕಿನ ಸದ್ದು ತಡವಾದರೆ ಬಾಗಿಲಿಗೂ ಒಲೆಗೂ ಓಡಾಡುವವಳು ನಾನು. ಕೊನೆಗೆ ತಡೆಯಲಾಗದೆ, ಹಾಗಾದರೆ ನನಗೆ ಹಾಕುತ್ತಿದ್ದಿದ್ದು ಯಾಕೆ ಎಂದು ಕೇಳಿಯೇಬಿಟ್ಟೆ.

"ನೀನೂ ಹಿಂದೇನೇ ಕೂರ್ತೀಯಲ್ಲ," ಎಂದರು, ಪಾಪ, ಬಹಳ ಪ್ರಾಮಾಣಿಕವಾಗಿ.

ಇನ್ನೊಂದು ಒಳ್ಳೆಯದನ್ನು ನಿಮಗೇ ಎಂದು ತರೋಣ ಎಂದರೆ ಒಪ್ಪಲಿಲ್ಲ. ನನ್ನ ತಲೆಗೆ ಇದು ಸಾಕು, ಅದರ ಬದಲು ಟಯರು ಹಾಕಿಸಬೇಕು, ಬ್ರೇಕು ನೋಡಿಸಬೇಕು ಎಂದು ಸಾಲು ಸಾಲು ಖರ್ಚು ಹೇಳಿದರು. ಜಗಳ ವಾರವಿಡೀ ಕುದಿಯಿತು. ಈ ಮನುಷ್ಯ ಊಟದಲ್ಲಿ, ಬಟ್ಟೆಯಲ್ಲಿ, ಎಲ್ಲದರಲ್ಲೂ ತಮ್ಮ ಪಾಲಿಗೆ ಸಾಕು ಎನ್ನುವವರು. ಸಾಕು ಎನ್ನುವವರ ಜೊತೆ ಜಗಳ ಗೆದ್ದವರು ಯಾರಿದ್ದಾರೆ?

ಭಾನುವಾರ ನಾದಿನಿಯ ಮನೆಗೆ ಹೋಗುವುದಿತ್ತು. ಇವರು ಕೆಳಗಿಳಿದು, ಬೂದು ಹೆಲ್ಮೆಟ್ಟು ಹಿಡಿದು ನನ್ನ ಗದ್ದಕ್ಕಾಗಿ ಕಾಯುತ್ತಾ ನಿಂತರು. ನಾನು ಕೈ ಚಾಚಿ ಬೈಕಿನ ಬೀಗದ ಕೈ ಕೇಳಿದೆ. ಮದುವೆಗೆ ಮುಂಚೆ ಅಣ್ಣನ ಬೈಕನ್ನು ಅವನಿಗೆ ಗೊತ್ತಿಲ್ಲದೆ ಓಡಿಸಿ ಕಲಿತವಳು ನಾನು. ಲೈಸೆನ್ಸೂ ಇದೆ, ಓಡಿಸುವುದು ಮಾತ್ರ ಅಪರೂಪ.

"ಹಿಂದೆ ಕೂರೋರಿಗೆ ಒಳ್ಳೇದು ಅಂತ ತಾನೇ ನಿಮ್ಮ ರೂಲ್ಸು? ಹಿಂದೆ ಕೂತ್ಕೊಳ್ಳಿ," ಎಂದೆ.

ಏನೋ ಹೇಳಲು ಬಾಯಿ ತೆರೆದರು. ತಮ್ಮ ಮಾತಿಗೆ ತಾವೇ ಸಿಕ್ಕಿಬಿದ್ದಿದ್ದು ಗೊತ್ತಾಗಿ, ಬೂದು ಹೆಲ್ಮೆಟ್ಟು ಹಾಕಿಕೊಂಡು ತೆಪ್ಪಗೆ ಹತ್ತಿದರು. ನಾನು ಬಕೆಟ್ಟನ್ನು ಹಾಕಿಕೊಂಡೆ. ಬೆಳಗಿನಿಂದ ಸಂಜೆಯವರೆಗೆ ಇವರು ಇದರೊಳಗೆ ಹೇಗೆ ಇರುತ್ತಾರೋ. ಕಿವಿಯ ಹತ್ತಿರ ಗಾಳಿ ಸಿಳ್ಳೆ ಹೊಡೆಯುತ್ತಿತ್ತು. ಸ್ವಲ್ಪ ಕುಲುಕಿದರೂ ಹುಬ್ಬಿನ ಮೇಲೆ ಜಾರುತ್ತಿತ್ತು. ಗೀರು ಬಿದ್ದ ಗಾಜಿನಲ್ಲಿ ಎದುರಿನ ಬಸ್ಸು ಮಂಜಿನಲ್ಲಿ ಬಂದಂತೆ ಕಾಣುತ್ತಿತ್ತು. ನನ್ನ ಮಾತೇ ಸರಿ ಎಂದು ಒಂದೊಂದಕ್ಕೂ ಲೆಕ್ಕ ಬರೆದುಕೊಳ್ಳುತ್ತಾ ಓಡಿಸಿದೆ. ಹಿಂದೆ ಇವರು ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದರು. ನಿಧಾನ, ನಿಧಾನ ಎನ್ನುವುದು ಎಡಗಿವಿಗೊಮ್ಮೆ ಬಲಗಿವಿಗೊಮ್ಮೆ ಬರುತ್ತಿತ್ತು.

ಮಾರ್ಕೆಟ್ಟಿನ ರಸ್ತೆಯಲ್ಲಿ ನಿಂತಿದ್ದ ಕಾರಿನ ಬಾಗಿಲು ಇದ್ದಕ್ಕಿದ್ದಂತೆ ತೆರೆಯಿತು. ನಾನು ಬ್ರೇಕು ಒತ್ತಿ ಬಲಕ್ಕೆ ಎಳೆದೆ. ಇವರ ಹೆಲ್ಮೆಟ್ಟು ನನ್ನದಕ್ಕೆ ಟಕ್ ಎಂದು ಬಡಿಯಿತು, ಬೈಕು ವಾಲಿತು, ಹೇಗೋ ಕಾಲು ಕೊಟ್ಟು ನಿಲ್ಲಿಸಿದೆ. ಬೀಳಲಿಲ್ಲ. ಆ ಒಂದು ಗಳಿಗೆಯಲ್ಲಿ ನನ್ನ ಮನಸ್ಸಿಗೆ ಬಂದಿದ್ದು ಒಂದೇ ಮಾತು, ಸದ್ಯ, ಒಳ್ಳೆಯದು ಅವರ ತಲೆಯ ಮೇಲಿದೆ. ನನ್ನ ತಲೆಯ ನೆನಪೇ ಆಗಲಿಲ್ಲ. ವಾರವಿಡೀ ಜಗಳ ಆಡಿದ್ದೆಲ್ಲ ವ್ಯರ್ಥವಾಯಿತಲ್ಲ, ಇವರ ಜಾಗದಲ್ಲಿ ನಾನಿದ್ದರೂ ಇದನ್ನೇ ಮಾಡುತ್ತಿದ್ದೆನಲ್ಲ ಎಂದು ನನಗೆ ನನ್ನ ಮೇಲೆ ಬಹಳ ಬೇಸರವಾಯಿತು.

ಬದಿಗೆ ನಿಲ್ಲಿಸಿದೆ. ಸೋತೆ ಎಂದು ಹೇಳಿಬಿಡೋಣವೆಂದು ತಿರುಗಿದರೆ ಇವರ ಮುಖ ಬಿಳಿಚಿಕೊಂಡಿತ್ತು. ಬೂದು ಹೆಲ್ಮೆಟ್ಟನ್ನು ತೆಗೆದು ಎದೆಗೆ ಒತ್ತಿ ಹಿಡಿದುಕೊಂಡಿದ್ದರು.

"ದಾರಿಯುದ್ದಕ್ಕೂ ನಿನ್ನ ತಲೇನೇ ನೋಡ್ತಾ ಇದ್ದೆ," ಎಂದರು. "ಆ ದರಿದ್ರದ್ದು ಅಲ್ಲಾಡ್ತಾ ಇತ್ತು. ನನ್ನ ಕೈಲಿ ಏನೂ ಇರ್ಲಿಲ್ಲ."

ನಾನು ಇಷ್ಟು ದಿನ ಹೇಳಲು ಒದ್ದಾಡಿದ್ದು ಅವರ ಬಾಯಿಂದಲೇ ಬಂದಿತ್ತು. ಹಿಂದಿನ ಸೀಟಿನಲ್ಲಿ ಕೂತು ಅಷ್ಟು ದೂರ ಬಂದಿದ್ದಕ್ಕೇ ಅವರಿಗೆ ಹೀಗಾಗಿದ್ದರೆ, ಅಂಗಡಿಯಲ್ಲೂ ಮನೆಯಲ್ಲೂ ಕೂತು ದಿನವೆಲ್ಲ ಅದೇ ತಲೆಯನ್ನು ಕಣ್ಣ ಮುಂದೆ ಕಾಣುವ ನನಗೆ ಹೇಗಾಗುತ್ತದೆ ಎಂದು ಕೇಳಬಹುದಿತ್ತು. ಅವರ ಕಣ್ಣು ನೋಡಿ ಬೇಡವೆನಿಸಿತು.

"ನಡಿ, ನಿನಗೊಂದು ಒಳ್ಳೇದು ತಗೊಳ್ಳೋಣ," ಎಂದರು. "ಈಗಲೇ."

ನನಗೆ ಎಂದರು, ತಮಗೆ ಎನ್ನಲಿಲ್ಲ. ತಮಗೆ ಎನ್ನುವ ಮಾತು ಈ ಜನ್ಮದಲ್ಲಿ ಆ ಬಾಯಿಂದ ಬರುವುದಿಲ್ಲವೆಂದು ನನಗೆ ಆ ರಸ್ತೆ ಬದಿಯಲ್ಲಿ ಸ್ಪಷ್ಟವಾಗಿ ಗೊತ್ತಾಯಿತು. ಹಾಗಾದರೆ ಆಗಲಿ ಎಂದುಕೊಂಡೆ. ಇಬ್ಬರೂ ಬೈಕು ತಳ್ಳಿಕೊಂಡೇ ಅದೇ ಹೆಲ್ಮೆಟ್ಟಿನ ಅಂಗಡಿಗೆ ನಡೆದೆವು.

ಅಂಗಡಿಯವನಿಗೆ ನನ್ನ ಗುರುತು ಹತ್ತಿತು. ಯಾರಿಗೆ ಎಂದು ಕೇಳಿದ. ಇವಳಿಗೆ ಎಂದರು ನನ್ನ ಗಂಡ, ಅಷ್ಟು ಗಟ್ಟಿಯಾಗಿ ಅವರು ಅಂಗಡಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಬೆಲೆ ಕೇಳಲಿಲ್ಲ, ಟಯರಿನ ಮಾತು ಎತ್ತಲಿಲ್ಲ. ಅಂಗಡಿಯವನು ನನ್ನ ತಲೆಯನ್ನು ಕಣ್ಣಿನಲ್ಲೇ ಅಳೆದು ಸಣ್ಣ ಸೈಜು ತೆಗೆದ. ನಾನು ಬೇಡ ಎಂದು ಮೇಲಿನ ಸಾಲಿನ ದೊಡ್ಡದನ್ನು ಕೇಳಿದೆ.

ಹಾಕಿಕೊಂಡೆ. ಅದು ಮೂಗಿನ ತನಕ ಇಳಿಯಿತು. ಎಡಕ್ಕೆ ತಿರುಗಿದರೆ ನಾನು ತಿರುಗಿದೆ, ಅದು ತಿರುಗಲಿಲ್ಲ. ಅಂಗಡಿಯವನು ಮೇಡಂ ಎಂದು ಏನೋ ಹೇಳಹೊರಟ. ನಾನು ಅದನ್ನು ಹಣೆಯ ಮೇಲಕ್ಕೆ ಎತ್ತಿ, ಒಮ್ಮೆ ಅವನನ್ನು ನೋಡಿ, ಇವರ ಬೋಳು ತಲೆಯನ್ನು ನೋಡಿ, ಮತ್ತೆ ಅವನನ್ನು ನೋಡಿದೆ. ಅವನೂ ಸಂಸಾರಸ್ಥನಿರಬೇಕು, ಬಾಯಿ ಮುಚ್ಚಿಕೊಂಡ.

ಸರಿಯಾಗಿದೆಯಾ ಎಂದು ನನ್ನ ಗಂಡ ಗದ್ದದ ಕೆಳಗೆ ಎರಡು ಬೆರಳು ತೂರಿಸಿ ನೋಡಿದರು. ಅಲ್ಲಿ ಇಡೀ ಕೈ ಹೋಗುವಷ್ಟು ಜಾಗವಿತ್ತು. ಅವರ ಬೆರಳು ಅಲ್ಲೇ ನಿಂತಿತು. ನನ್ನ ಮುಖ ನೋಡಿದರು.

"ನನಗೆ ಸರಿಯಾಗಿದೆ," ಎಂದೆ.

ಇವರು ಪಟ್ಟಿ ಬಿಚ್ಚಿ, ಹೆಲ್ಮೆಟ್ಟನ್ನು ನನ್ನ ತಲೆಯಿಂದ ತೆಗೆದು, ತಮ್ಮ ತಲೆಗೆ ಹಾಕಿಕೊಂಡರು.