ಕೋಗಿಲು ಮೈದಾನದ ಗೇಟು

ಫರ್ಹೀನ್ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಫುಪ್ಪುವಿನ ದುಪಟ್ಟಾಕ್ಕೆ ಒಂದೊಂದೇ ಚುಚ್ಚುತ್ತಿದ್ದಳು. ಫುಪ್ಪು ಎಂದರೆ ಅವಳ ಅಪ್ಪನ ಅಕ್ಕ ಶಹರ್ಬಾನು, ಒಂದು ಕಾಲಕ್ಕೆ ದೂರದ ಓಟದಲ್ಲಿ ಇಡೀ ದೇಶಕ್ಕೆ ಮೊದಲು ಬಂದವಳು. ಅಂದು ಎದೆಯ ಮೇಲೆ ನಂಬರಿನ ಬಟ್ಟೆ ಹಿಡಿದಿದ್ದ ಪಿನ್ನುಗಳೇ ಇವು. ಇಂದು ವಾರ್ಡ್ ಚುನಾವಣೆಯ ಎಣಿಕೆ. ಫೋನು ಬರಲೆಂದು ಓಣಿಯೇ ಬಾಗಿಲಲ್ಲಿ ಕಾದಿತ್ತು.

ಫರ್ಹೀನಳಿಗೆ ಬೇಕಾದದ್ದು ಮೈದಾನ. ಶಾಲೆ ಬಿಟ್ಟ ಮೇಲೆ ಅವಳಿಗೆ ಉಳಿದದ್ದು ಓಟವೊಂದೇ. ಎಲ್ಲರದ್ದೂ ಆದ ಮೈದಾನಕ್ಕೆ ಲೇಔಟಿನ ಸಂಘದವರು ಬೀಗ ಜಡಿದಿದ್ದರಿಂದ ಲಾರಿಗಳ ಮಗ್ಗುಲಲ್ಲೇ ಓಡುತ್ತಿದ್ದಳು. ಬೈಕೊಂದು ಅವಳ ಮೊಣಕೈ ತರಚಿ ಹೋದ ದಿನ ಅಪ್ಪ, "ಮೈದಾನ ಸಿಕ್ರೆ ಓಡು, ಇಲ್ದಿದ್ರೆ ಸಾಕು" ಎಂದುಬಿಟ್ಟ. ಫುಪ್ಪು ಚುನಾವಣೆಗೆ ನಿಂತದ್ದು ಆಗಲೇ.

ಸಂಘದ ಅಧ್ಯಕ್ಷ ಗುಂಡಣ್ಣ ಕೀಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗುವವರು. ಪ್ರಚಾರದ ದಿನ ಎಲ್ಲರೆದುರು ನಕ್ಕಿದ್ದರು: "ಮೊದ್ಲು ಗೆದ್ದು ಬನ್ನಿ ಮೇಡಂ. ಆಮೇಲೆ ಯಾರ್ ಕೇಳಿದ್ರೂ ಗೇಟ್ ತೆಗೀತೀನಿ."

ಫೋನು ಬಂತು. ಪಕ್ಕದ ಮನೆಯ ಅಬ್ರಾರ್ ಕಿರುಚಿದ. "ಗೆದ್ಬಿಟ್ರು ಗುರೂ! ಬಾನು ಆಪಾ ಗೆದ್ಬಿಟ್ರು!"

ಪಟಾಕಿ ಸಿಡಿದವು, ತಮಟೆ ಎದ್ದಿತು. ಹೂವಿನ ಜೀಪು ಮೈದಾನದ ಕಡೆ ಹೊರಟು, ಪೈಪಿಗೆಂದು ಅಗೆದಿದ್ದ ರಸ್ತೆಯಲ್ಲಿ ಹೂತುಕೊಂಡಿತು.

"ಇಳೀಬೇಡಿ ಆಪಾ, ತಳ್ತೀವಿ!"

"ಇಷ್ಟೇ ದೂರಕ್ಕೆ ಜೀಪ್ ಯಾಕೋ?" ಎಂದ ಫುಪ್ಪು ಜಿಗಿದಳು. ಕಾಲಲ್ಲಿ ಬೂಟಿತ್ತು. ಓಡಿಯೇಬಿಟ್ಟಳು, ಹಿಂದೆಯೇ ಫರ್ಹೀನ್.

ಬಿಳಿ ಅಂಗಿಯ ಕಾರ್ಯಕರ್ತರು ಚಪ್ಪಲಿ ಎಳೆದುಕೊಂಡು ಬೆನ್ನು ಹತ್ತಿದರು. "ಆಪಾ, ನಿಧಾನ! ನಾವ್ ಕೇಳಿದ್ದು ಓಟು, ಓಟ ಅಲ್ಲ!"

ತಿರುವಿನ ಮನೆಯ ದ್ರೌಪದಮ್ಮ ಆರತಿ ತಟ್ಟೆ ಹಿಡಿದು ಅಡ್ಡ ಬಂದರು. "ಒಂದ್ ಗಳಿಗೆ ನಿಂತ್ಕೊಳಮ್ಮಾ!"

"ನಿಂತ್ರೆ ಕಾಲ್ ಹಿಡ್ಕೊಳತ್ತೆ, ದ್ರೌಪದಮ್ಮೋರೆ!" ಫುಪ್ಪು ಇದ್ದಲ್ಲೇ ಕುಣಿಯತೊಡಗಿದಳು. ಅವಳ ಮುಖ ಹಿಂಬಾಲಿಸಿ ತಟ್ಟೆಯೂ ಮೇಲೆ ಕೆಳಗೆ ಹಾರಿತು. ಆರತಿಯ ಕೆಂಪು ನೀರೆಲ್ಲ ದ್ರೌಪದಮ್ಮನ ಸೀರೆಗೇ ಬಿತ್ತು. ಮಹಡಿಗಳ ಮೇಲಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು.

"ಈಗ ನೀನು ಮುಂದೆ," ಎಂದಳು ಫುಪ್ಪು. "ಹಿಂದೆ ನೋಡ್ಬೇಡ, ಕಿವಿ ಕೊಡು."

ಫರ್ಹೀನ್ ಕಿವಿ ಕೊಟ್ಟಳು. ಚಪ್ಪಲಿಗಳ ಸದ್ದು ಒಂದೊಂದಾಗಿ ಹಿಂದುಳಿಯಿತು. ತಮಟೆ ತಾಳ ತಪ್ಪಿ ನಿಂತೇಹೋಯಿತು. ಕೊನೆಗೆ ಕೇಳಿದ್ದು ಕೀಗೊಂಚಲಿನ ಝಣಝಣ ಮಾತ್ರ. ಗೆದ್ದವರಿಗೆ ಮೊದಲ ಹಾರ ತಾವೇ ಹಾಕಬೇಕೆಂದು ಹೊರಟ ಗುಂಡಣ್ಣ, ಓಡಲು ಕೈ ಖಾಲಿಯಿರಲೆಂದು ಹಾರವನ್ನು ತಮ್ಮ ಕೊರಳಿಗೇ ಹಾಕಿಕೊಂಡು ಬರುತ್ತಿದ್ದರು.

ಗೇಟು ಮುಟ್ಟಿದವಳು ಫರ್ಹೀನ್. ಫುಪ್ಪು ಬೇಕೆಂದೇ ಒಂದು ಹೆಜ್ಜೆ ಹಿಂದೆ ನಿಂತು ಅವಳನ್ನೇ ನೋಡಿದಳು. ಗುಂಡಣ್ಣ ಬಂದು ಕಂಬಿ ಹಿಡಿದು ಬಾಗಿದರು. ಅವರ ಹಿಂದೆ ಅಬ್ರಾರ್, ಆಮೇಲೆ ಉಳಿದವರು, ಎಲ್ಲರೂ ಮಂಡಿಯ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದರು.

ಹಿರಿಯರ ಮುಂದೆ ಎಂದೂ ದನಿ ಎತ್ತದ ಫರ್ಹೀನ್ ಬೆವರು ಒರೆಸಿಕೊಂಡಳು.

"ಗುಂಡಣ್ಣೋರೇ, ಬೀಗ ತೆಗೀರಿ."

ಗುಂಡಣ್ಣ ಬಾಗಿದಲ್ಲೇ ಸೊಂಟದ ಕೀಗೊಂಚಲಿಗೆ ಕೈ ಹಾಕಿದರು. ಮಾತಾಡುವಷ್ಟು ಉಸಿರು ಉಳಿದಿದ್ದದ್ದು ಫುಪ್ಪು, ಫರ್ಹೀನ್ ಇಬ್ಬರಿಗೇ.