ಒಂದೇ ಕೋಣೆಯ ಓರಗಿತ್ತಿಯರು

ಓರಗಿತ್ತಿಯರಿಬ್ಬರನ್ನೂ ಒಂದೇ ಹಡಗು ಹತ್ತಿಸಿದ್ದು ಅವರ ಗಂಡಂದಿರ ಉಪಾಯ. ಮಹಾಮಾರಿ ಇಳಿದು ಪ್ರವಾಸದ ಹಡಗುಗಳು ಮತ್ತೆ ಹೊರಡತೊಡಗಿದ್ದ ಕಾಲ ಅದು. ಅರ್ಧದಷ್ಟು ಜನರನ್ನು ಮಾತ್ರ ಹತ್ತಿಸಿಕೊಳ್ಳಬೇಕು, ಊಟದ ಹಾಲ್‌ನಲ್ಲಿ ಒಂದು ಮೇಜು ಬಿಟ್ಟು ಒಂದರಲ್ಲಿ ಕೂರಿಸಬೇಕು ಅಂತ ನಿಯಮ. ತುಂಬಿದ ಹಡಗಾದರೆ ಜನರ ನಡುವೆ ತಪ್ಪಿಸಿಕೊಂಡು ಓಡಾಡಬಹುದು, ಖಾಲಿ ಹಡಗಿನಲ್ಲಿ ಎಲ್ಲಿಗೆ ಹೋದಾರು, ಎದುರುಬದುರು ಸಿಕ್ಕೇ ಸಿಗುತ್ತಾರೆ, ಸಿಕ್ಕರೆ ಮಾತು ಬಂದೇ ಬರುತ್ತದೆ ಎಂದು ಅಣ್ಣತಮ್ಮ ಇಬ್ಬರೂ ಲೆಕ್ಕ ಹಾಕಿದ್ದರು.

ಹಿರಿಯಳು ಹೊಲಿಗೆಯವಳು. ಸ್ವಂತ ಅಂಗಡಿ, ಕೈಕೆಳಗೆ ಕೆಲಸಕ್ಕೆ ಹೆಂಗಸರು, ಬಾಯಿ ಕತ್ತರಿಗಿಂತ ಹರಿತ. ಕಿರಿಯಳು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮಾತು ಕಡಿಮೆ, ಆಡಿದಷ್ಟೂ ಕಹಿ. ಮೊದಲಿನಿಂದಲೂ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧವೇ. ಆದರೆ ಮಾತು ಪೂರ್ತಿ ನಿಂತದ್ದು ಎರಡು ವರ್ಷದ ಹಿಂದೆ, ಲಾಕ್‌ಡೌನ್ ಕಾಲದಲ್ಲಿ ಅತ್ತೆ ಹೋದ ಮೇಲೆ.

ಅತ್ತೆ ಆಗ ಕಿರಿಮಗನ ಮನೆಯಲ್ಲಿದ್ದಳು. ಜ್ವರ ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ಹಿರಿಯಳು ಬೀದಿಯಲ್ಲಿ ಪೊಲೀಸರ ಕಣ್ಣು ತಪ್ಪಿಸಿ, ಬಿಸಿ ಊಟದ ಡಬ್ಬಿ ಹಿಡಿದು ಹೋಗಿದ್ದಳು. ಕಿರಿಯಳು ಬಾಗಿಲು ತೆಗೆಯಲಿಲ್ಲ. ಒಳಗಿನಿಂದಲೇ, "ಹೋಗಿ ಅಕ್ಕ, ಯಾರನ್ನೂ ಒಳಗೆ ಬಿಡಲ್ಲ" ಅಂದಳು. ಹಿರಿಯಳು ಬಾಗಿಲು ಬಡಿದಳು, ಬೈದಳು, ಕೊನೆಗೆ ಅಂಗಲಾಚಿದಳು. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಕೋಟು ಹೊಲಿಯುವವರೆಗೆ ಅವಳಿಗೆ ಕಲಿಸಿದವಳು ಅತ್ತೆ. ಹೆತ್ತ ತಾಯಿ ಇಲ್ಲದ ಸೊಸೆಗೆ ತಾಯಿಯಾಗಿ ನಿಂತವಳು. ಆಮೇಲೆ ಆಸ್ಪತ್ರೆ, ಆಮೇಲೆ ಸೀಲು ಹಾಕಿದ ಚೀಲ. ಮುಖ ನೋಡುವ ಭಾಗ್ಯವೂ ಇಲ್ಲ. ಅಂದಿನಿಂದ ನೆಂಟರ ಮನೆಯಲ್ಲಿ ನಾಲ್ಕು ಜನ ಸೇರಿದಲ್ಲೆಲ್ಲ ಹಿರಿಯಳು ಆ ಬಾಗಿಲಿನ ಕಥೆ ಹೇಳುತ್ತಿದ್ದಳು. ಹೇಳಿದಷ್ಟೂ ಅದು ಬೆಳೆಯುತ್ತಿತ್ತು.

ಹಡಗು ಒಂದು ಪುಟ್ಟ ದ್ವೀಪದ ಹತ್ತಿರ ಲಂಗರು ಹಾಕಿದ ದಿನ ಅಣ್ಣತಮ್ಮಂದಿರು ತಮ್ಮ ಆಟ ಹೂಡಿದರು. ಎಲ್ಲರೂ ದೋಣಿಯಲ್ಲಿ ಹೋಗಿ ಸುತ್ತಾಡಿ ಬರುವುದೆಂದು ಹೇಳಿ, ಹೆಂಗಸರಿಬ್ಬರೂ ದೋಣಿಗೆ ಇಳಿದ ಮೇಲೆ ಒಬ್ಬನಿಗೆ ಹೊಟ್ಟೆನೋವು ಬಂತು, ಇನ್ನೊಬ್ಬನ ಮಗಳಿಗೆ ನಿದ್ದೆ ಬಂತು. ದೋಣಿ ಹೊರಟೇಬಿಟ್ಟಿತು. ಅಲ್ಲೂ ಅರ್ಧ ಸೀಟಿಗೆ ಮಾತ್ರ ಜನ. ಉಳಿದದ್ದು ಒಂದೇ ಬೆಂಚು. ಓರಗಿತ್ತಿಯ ಮಗ್ಗುಲಲ್ಲಿ ಕೂರುವುದಕ್ಕಿಂತ ಸಮುದ್ರಕ್ಕೆ ಹಾರುವುದೇ ವಾಸಿ ಅಂದುಕೊಂಡ ಹಿರಿಯಳು, ಎದುರಿಗಿದ್ದ ದಪ್ಪನೆಯ ನಗುಮುಖದ ಹೆಂಗಸೊಬ್ಬಳನ್ನು ಕರೆದು, "ಬನ್ನಿ ಬನ್ನಿ, ಇಲ್ಲಿ ಗಾಳಿ ಚೆನ್ನಾಗಿದೆ" ಎಂದು ನಡುವೆ ಕೂರಿಸಿಕೊಂಡಳು. ಆ ಪುಣ್ಯಾತ್ಗಿತ್ತಿ ಮಾಸ್ಕು ಗಲ್ಲಕ್ಕೆ ಇಳಿಸಿ, ದಾರಿಯುದ್ದಕ್ಕೂ ಒಮ್ಮೆ ಇವಳ ಕಡೆ ಒಮ್ಮೆ ಅವಳ ಕಡೆ ತಿರುಗಿ ತನ್ನ ಅಳಿಯನ ದುರ್ಗುಣಗಳನ್ನು ಬಣ್ಣಿಸಿದಳು. ನಡುನಡುವೆ ಕೆಮ್ಮಿದಳು.

ಮರುದಿನ ಆಕೆಗೆ ಸೋಂಕು ಖಚಿತವಾಯಿತು. ಪಕ್ಕದಲ್ಲಿ ಕೂತವರು ಯಾರು ಯಾರು ಎಂದು ಹುಡುಕಿಕೊಂಡು ಹಡಗಿನ ನರ್ಸ್ ಬಂದಳು.

"ನೀವಿಬ್ಬರೂ ಕೆಳಗಿನ ಅಂತಸ್ತಿಗೆ ಬರಬೇಕು. ಒಂದೇ ಕೋಣೆ ಕೊಟ್ಟಿದ್ದೀವಿ."

"ಒಂದೇ ಕೋಣೆ?" ಹಿರಿಯಳ ಗಂಟಲು ಮೇಲಿನ ಡೆಕ್ಕಿಗೂ ಕೇಳಿಸಿತು. "ಅರ್ಧ ಹಡಗು ಖಾಲಿ ಬಿದ್ದಿದೆಯಲ್ರೀ! ಸಾಲು ಸಾಲು ಬಾಗಿಲಿಗೆ ಬೀಗ ಜಡಿದು ಇಬ್ಬರನ್ನ ಒಂದು ಗೂಡಿಗೆ ತುಂಬ್ತೀರಾ?"

"ಖಾಲಿ ಕೋಣೆಗಳ ಗಾಳಿ ಎಲ್ಲ ಕಡೆ ಸುತ್ತುತ್ತಮ್ಮ. ಕೆಳಗಿನ ಆ ಒಂದು ಸಾಲಿಗೆ ಮಾತ್ರ ಗಾಳಿ ಬೇರೆ ಕೊಳವೇಲಿ ಬರುತ್ತೆ. ಅಲ್ಲಿರೋದೇ ಕೆಲವು ಕೋಣೆ. ಒಂದೇ ಕುಟುಂಬದವರು ಒಟ್ಟಿಗೆ ಇರಬೇಕು ಅಂತ ನಿಯಮ."

"ಇವಳು ನನ್ನ ಕುಟುಂಬ ಅಂತ ನಿಮಗೆ ಹೇಳಿದ್ದು ಯಾರು?"

"ಮನೆತನದ ಹೆಸರು ಒಂದೇ ಇದೆ" ಎಂದಳು ನರ್ಸ್.

"ಅದು ನಮ್ಮ ಗಂಡಂದಿರ ಹೆಸರು" ಅಂದಳು ಕಿರಿಯಳು. ಎಷ್ಟೋ ವರ್ಷಗಳ ನಂತರ ಇಬ್ಬರೂ ಒಂದೇ ಪಕ್ಷದಲ್ಲಿ ನಿಂತದ್ದು ಅದೊಂದು ಕ್ಷಣ. ನರ್ಸ್ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೋಣೆಯೆಂದರೆ ಎರಡು ಮಂಚ, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ತೆರೆಯಲು ಬಾರದ ದುಂಡನೆಯ ಕಿಟಕಿ. ಗುಂಡಿ ಒತ್ತಿದರೆ ಹುಲಿಯ ಹಾಗೆ ಗರ್ಜಿಸುವ ಕಕ್ಕಸು. ಗೋಡೆಯಲ್ಲಿ ಒಂದು ಫೋನು, ಅದರ ಪಕ್ಕ ನರ್ಸನ್ನು ಕರೆಯುವ ಕೆಂಪು ಗಂಟೆ. ಊಟದ ಟ್ರೇ ಬಾಗಿಲ ಹೊರಗಿಟ್ಟು, ಬಡಿದು, ಓಡಿಹೋಗುತ್ತಿದ್ದರು.

ಹಿರಿಯಳು ಕಿಟಕಿ ಪಕ್ಕದ ಮಂಚದ ಮೇಲೆ ಮೊದಲು ಚೀಲ ಎಸೆದಳು. ಕಿರಿಯಳು ಸ್ನಾನದ ಮನೆಯ ಕನ್ನಡಿ ಕೆಳಗಿನ ಹಲಗೆಯನ್ನು ಪೂರಾ ಆಕ್ರಮಿಸಿದಳು. ಇವಳು ಟಿವಿ ಹಚ್ಚಿದರೆ ಅವಳು ದೀಪ ಆರಿಸುವಳು. ಅವಳು ಎ.ಸಿ. ಕಡಿಮೆ ಮಾಡಿದರೆ ಇವಳು ಹೆಚ್ಚು ಮಾಡುವಳು. ಟ್ರೇ ತರಲು ಯಾರು ಏಳಬೇಕೆಂಬ ಹಟದಲ್ಲಿ ಸೂಪು ಹೊರಗೇ ತಣ್ಣಗಾಗುತ್ತಿತ್ತು. ಬೆಳಗ್ಗೆ ಬೆಳಗ್ಗೆ ಮೇಲಿನಿಂದ ಕಿರಿಯಳ ಮಗಳು ಫೋನು ಮಾಡಿದಾಗ ಮಾತ್ರ ಕೋಣೆಯಲ್ಲಿ ಮನುಷ್ಯರ ದನಿ. "ದೊಡ್ಡಮ್ಮನಿಗೂ ಕೊಡಮ್ಮ" ಎಂದು ಮಗು ಹಟ ಹಿಡಿಯುವುದು, ಕಿರಿಯಳು ಫೋನನ್ನು ಕೈಗೆ ಕೊಡದೆ ಮಂಚದ ಮೇಲೆ ಒಗೆಯುವುದು.

ಒಂದು ಮಧ್ಯಾಹ್ನ ಹಿರಿಯಳು ತನ್ನ ನಾದಿನಿಗೆ ಫೋನು ಹಚ್ಚಿ, ಕಿರಿಯಳಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳತೊಡಗಿದಳು. "ನೋಡೇ ಗ್ರಹಚಾರ! ಸಾಯೋ ಮುದುಕಿಯ ಮುಖ ನೋಡೋಕೆ ಬಂದವಳಿಗೆ ಬಾಗಿಲು ಹಾಕಿದ ಮಹಾತಾಯಿ ಜೊತೆ ಈಗ ಒಂದೇ ಬಾಗಿಲ ಹಿಂದೆ ಬಿದ್ದಿದ್ದೀನಿ..."

ಕಿರಿಯಳು ಎದ್ದು ಬಂದು ಫೋನಿನ ಗುಂಡಿ ಒತ್ತಿ ಮಾತು ತುಂಡರಿಸಿದಳು.

"ಹೌದು, ತೆಗೀಲಿಲ್ಲ. ನನ್ನ ಮಗು ಇನ್ನೂ ಹಾಲು ಕುಡೀತಿತ್ತು. ನೀವು ಅಂಗಡೀಲಿ ಹತ್ತು ಜನರ ಅಳತೆ ತಗೊಂಡು ಬಂದವರು. ಇವತ್ತು ಬಂದು ಬಡಿದ್ರೂ ತೆಗೆಯಲ್ಲ."

"ಅಂಗಡಿ ಮುಚ್ಚಿತ್ತು ಕಣೇ! ಸುಳ್ಳಿ!"

"ಮುಂದಿನ ಬಾಗಿಲು ಮುಚ್ಚಿತ್ತು. ಹಿತ್ತಲಿಂದ ಮಾಸ್ಕು ಹೊಲಿದು ಮಾರ್ತಿದ್ರಿ. ಊರಿಗೆಲ್ಲ ಗೊತ್ತು."

ಅದು ನಿಜವಾಗಿತ್ತು. ಹಿರಿಯಳಿಗೆ ಮೈಯೆಲ್ಲ ಉರಿಯಿತು. "ನಿನ್ನ ಮಗಳು ನಾಳೆ ನಿನಗೆ ಹೀಗೇ ಮಾಡಲಿ" ಅಂದುಬಿಟ್ಟಳು. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು, ಆದರೆ ವಾಪಸು ತೆಗೆದುಕೊಳ್ಳಲಿಲ್ಲ. ಕಿರಿಯಳು ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಸಂಜೆಯ ಊಟಕ್ಕೂ ಏಳಲಿಲ್ಲ. ಸಿಟ್ಟು ಅಂದುಕೊಂಡು ಹಿರಿಯಳು ಅವಳ ಪಾಲಿನ ಬ್ರೆಡ್ಡನ್ನೂ ತಿಂದು ಮುಗಿಸಿದಳು.

ಬೆಳಗ್ಗೆ ಎದ್ದಾಗ ಗೊತ್ತಾಯಿತು, ಅದು ಬರೀ ಸಿಟ್ಟಲ್ಲ. ಕಿರಿಯಳು ಹೊದಿಕೆಯೊಳಗೆ ಮುದುಡಿ ನಡುಗುತ್ತಿದ್ದಳು. ತುಟಿ ಒಣಗಿತ್ತು, ಕಣ್ಣು ಕೆಂಡ.

"ಜ್ವರ ಬಂದಿದೆ" ಅಂದಳು ಹಿರಿಯಳು. ಕೇಳಿದ್ದಲ್ಲ, ಹೇಳಿದ್ದು.

"ಸ್ವಲ್ಪ. ಮಾತ್ರೆ ತಗೊಂಡಿದ್ದೀನಿ." ಕಿರಿಯಳು ಮೊಣಕೈ ಊರಿ ಎದ್ದಳು. "ಅಕ್ಕ, ನರ್ಸಿಗೆ ಹೇಳಬೇಡಿ. ಹೇಳಿದ್ರೆ ಈ ಮುಂದಿನ ಬಂದರಲ್ಲೇ ಇಳಿಸಿಬಿಡ್ತಾರೆ. ಭಾಷೆ ಬಾರದ ಊರು, ಗುರುತಿಲ್ಲದ ಆಸ್ಪತ್ರೆ. ಹಡಗು ಕಾಯಲ್ಲ, ನನ್ನ ಬಿಟ್ಟು ಹೋಗುತ್ತೆ. ಮಗು ಹೆದರಿಕೊಳ್ಳುತ್ತೆ. ಇನ್ನೊಂದೆರಡು ದಿನ. ನಾನು ಮಾಸ್ಕು ಹಾಕ್ಕೊಂಡೇ ಇರ್ತೀನಿ. ಸ್ನಾನದ ಮನೇಲಿ ಬೇಕಾದ್ರೂ ಕೂತಿರ್ತೀನಿ."

ಅವಳ ಬಾಯಲ್ಲಿ ಅಂಗಲಾಚುವ ಮಾತು ಹಿರಿಯಳು ಇದೇ ಮೊದಲು ಕೇಳಿದ್ದು. ಕೇಳಿ ಎದೆಯೊಳಗೆ ಏನೋ ತಂಪಾಯಿತು. ಸುಳ್ಳು ಯಾಕೆ, ಬಹಳ ದಿನದ ಬಾಯಾರಿಕೆಗೆ ನೀರು ಸಿಕ್ಕಷ್ಟು ಹಿತವಾಯಿತು. ಆ ಹಿತದ ಅಡಿಯಲ್ಲೇ ಹೆದರಿಕೆಯೂ ಇತ್ತು. ಹಿರಿಯಳಿಗೆ ಉಬ್ಬಸ. ಚಳಿಗಾಲ ಬಂದರೆ ಉಸಿರಿಗೆ ಪರದಾಡುವ ಜೀವ. ಆ ಮುಚ್ಚಿದ ಕೋಣೆಯಲ್ಲಿ ಕಿರಿಯಳು ಬಿಟ್ಟ ಗಾಳಿಯನ್ನೇ ಇವಳು ಎಳೆದುಕೊಳ್ಳಬೇಕು.

ಒಂದು ಹೆಜ್ಜೆ ಇಟ್ಟು ಕೆಂಪು ಗಂಟೆ ಒತ್ತಿದಳು. ಒತ್ತಿದ ಬೆರಳನ್ನು ಬೇಗ ತೆಗೆಯಲೂ ಇಲ್ಲ.

ಕಿರಿಯಳು ದಿಂಬಿಗೆ ತಲೆಯಿಟ್ಟು ಇವಳನ್ನೇ ನೋಡಿದಳು.

"ನನಗೆ ಉಬ್ಬಸ ಇದೆ" ಅಂದಳು ಹಿರಿಯಳು.

"ಗೊತ್ತು. ಆದ್ರೆ ಉಬ್ಬಸಕ್ಕೆ ಒತ್ತಿದ್ದಲ್ಲ ನೀವು."

ಹೊರಗೆ ದೂರದಲ್ಲಿ ಯಾವುದೋ ಬಾಗಿಲು ತೆರೆದ ಸದ್ದಾಯಿತು. ಇನ್ನು ಹೆಚ್ಚು ಹೊತ್ತಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಆವತ್ತು ಮಗೂಗೋಸ್ಕರ ತೆಗೀಲಿಲ್ಲ ಅಂದೆಯಲ್ಲ, ಅದು ನಿಜಾನಾ?" ಎಂದು ಹಿರಿಯಳು ಕೇಳಿದಳು. ದನಿಯಲ್ಲಿ ಹರಿತ ಇರಲಿಲ್ಲ.

ಕಿರಿಯಳು ಹೊದಿಕೆ ಬಿಗಿಯಾಗಿ ಎಳೆದುಕೊಂಡಳು. "ಅರ್ಧ ನಿಜ."

"ಇನ್ನರ್ಧ?"

"ನಿಮ್ಮನ್ನ ಕಂಡ್ರೆ ನನಗಾಗ್ತಿರಲಿಲ್ಲ. ಅತ್ತೆ ಜ್ವರದಲ್ಲೂ ನಿಮ್ಮ ಹೆಸರೇ ಕನವರಿಸ್ತಿದ್ರು. ಹಗಲು ರಾತ್ರಿ ಸೇವೆ ಮಾಡ್ತಿದ್ದವಳು ನಾನು, ಕರೀತಿದ್ದಿದ್ದು ನಿಮ್ಮನ್ನ. ಬಾಗಿಲಾಚೆ ನೀವು ಅಳೋದು ಕೇಳಿಸ್ತು. ಅಳಲಿ ಅನ್ನಿಸ್ತು." ಒಣತುಟಿಯನ್ನು ನಾಲಿಗೆಯಿಂದ ಸವರಿಕೊಂಡು ಹೇಳಿದಳು, "ಈಗಲೂ ಆಗಲ್ಲ ನಿಮ್ಮನ್ನ ಕಂಡ್ರೆ."

"ನನಗೂ ಅಷ್ಟೇ" ಅಂದಳು ಹಿರಿಯಳು.

ಅಷ್ಟರಲ್ಲಿ ಮೈತುಂಬ ಪ್ಲಾಸ್ಟಿಕ್ ತೊಟ್ಟ ನರ್ಸ್, ಅವಳ ಹಿಂದೆ ಇಬ್ಬರು ಆಳುಗಳು ಗಾಲಿಕುರ್ಚಿ ತಳ್ಳಿಕೊಂಡು ಬಂದರು. ಕಿರಿಯಳು ಸ್ವಂತ ಕಾಲಲ್ಲಿ ಎದ್ದು ಕುರ್ಚಿಯಲ್ಲಿ ಕೂತಳು. ತಿರುಗಿ ನೋಡಲಿಲ್ಲ.

ಹಡಗು ಮುಂದಿನ ಬಂದರಿನ ಹೊರಗೆ ನಿಂತಿತು. ಒಳಗೆ ಬರಲು ಅಪ್ಪಣೆ ಸಿಗಲಿಲ್ಲ, ದಡದಿಂದ ಒಂದು ದೋಣಿ ಬಂತು. ಹಿರಿಯಳು ಕಿಟಕಿಗೆ ಹಣೆ ಒತ್ತಿ ನೋಡಿದಳು. ದೋಣಿಯ ಹಿಂಬದಿಯಲ್ಲಿ ಕಂಬಳಿ ಹೊದ್ದು ಒಂಟಿಯಾಗಿ ಕೂತವಳು ಮೇಲಿನ ಡೆಕ್ಕಿನತ್ತ ಕೈ ಬೀಸುತ್ತಿದ್ದಳು. ಅಲ್ಲಿ ಮಗು ನಿಂತಿದೆ ಎಂದು ಬೇರೆ ಹೇಳಬೇಕಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು.

"ದೊಡ್ಡಮ್ಮ, ಅಮ್ಮನ್ನ ಯಾಕೆ ಕಳಿಸಿದ್ರು?"

ಡಾಕ್ಟರು ಹೇಳಿದರು ಅನ್ನಬಹುದಿತ್ತು. ನಿಯಮ ಅನ್ನಬಹುದಿತ್ತು. ಅದೂ ಸುಳ್ಳಾಗುತ್ತಿರಲಿಲ್ಲ.

"ನಾನೇ ಗಂಟೆ ಒತ್ತಿ ಕರೆಸಿದೆ ಪುಟ್ಟಿ" ಅಂದಳು ಹಿರಿಯಳು. "ನನಗೆ ಭಯ ಆಯ್ತು. ಸಿಟ್ಟೂ ಇತ್ತು."

ಆ ಕಡೆಯಿಂದ ಫೋನು ಇಟ್ಟ ಸದ್ದು. ಉಳಿದ ದಿನಗಳಲ್ಲಿ ಬೆಳಗ್ಗೆ ಫೋನು ಬರಲಿಲ್ಲ. ಹಿರಿಯಳಿಗೆ ಸೋಂಕು ತಗಲಲಿಲ್ಲ. ಅವಳನ್ನು ಮೇಲೆ ಬಿಟ್ಟಾಗ ಮೈದುನ ದಾರಿಯಲ್ಲಿ ಎದುರಾಗಿ ಗೋಡೆಗೆ ಸರಿದು ನಿಂತ. ಅವಳ ಗಂಡನೂ, "ಒಂದು ದಿನ ತಡೆದಿದ್ರೆ ಏನಾಗ್ತಿತ್ತು ನಿನಗೆ?" ಅಂದ. "ಸಾಯ್ತಿದ್ದೆ. ಇಲ್ಲ ಸಾಯ್ತಿರಲಿಲ್ಲ. ನನಗೇನು ಗೊತ್ತು?" ಅಂದಳು.

ಕಿರಿಯಳು ಪರವೂರಿನ ಆಸ್ಪತ್ರೆಯಲ್ಲಿ ಒಬ್ಬಳೇ ಬಿದ್ದಿದ್ದು, ಸಣ್ಣಗಾಗಿ, ಕೂದಲು ಉದುರಿಸಿಕೊಂಡು ಮನೆಗೆ ಬಂದಳು. ಎದೆಗೆ ಕಫ ಇಳಿಯುವ ಮೊದಲೇ ಕರೆತಂದಿದ್ದರಿಂದ ಉಳಿದಳು ಎಂದು ಅಲ್ಲಿನ ಡಾಕ್ಟರು ಹೇಳಿದ್ದರಂತೆ. ಆ ಮಾತನ್ನು ಯಾರೋ ಹಿರಿಯಳಿಗೆ ಮುಟ್ಟಿಸಿ, "ನೋಡು, ನಿನ್ನಿಂದಲೇ ಬದುಕಿದ್ದು" ಅಂದರು. ಅವಳು ಅದನ್ನು ಬಾಚಿಕೊಳ್ಳಲಿಲ್ಲ. ಬೆರಳಿಟ್ಟ ಕ್ಷಣದಲ್ಲಿ ಮನಸ್ಸಿನಲ್ಲಿದ್ದದ್ದು ಏನೆಂದು ಅವಳಿಗೆ ಗೊತ್ತಿತ್ತು.

ಕೆಲವು ತಿಂಗಳ ಮೇಲೆ ನಾದಿನಿಯ ಮನೆಯಲ್ಲಿ ಊಟಕ್ಕೆ ಎಲ್ಲರೂ ಸೇರಿದರು. ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತ ನಾದಿನಿ ಹಳೆಯ ರಾಗ ಎತ್ತಿದಳು. "ಏನೇ ಅನ್ನು ಅತ್ತಿಗೆ, ಅವತ್ತು ಅಮ್ಮನ್ನ ನೋಡೋಕೆ ಬಂದವಳಿಗೆ ಅವಳು ಹಾಗೆ ಮಾಡಬಾರದಿತ್ತು."

"ಸಾಕು ಬಿಡು. ಆ ಮಾತು ಇನ್ಮೇಲೆ ಯಾರೂ ಎತ್ತಬೇಡಿ" ಅಂದಳು ಹಿರಿಯಳು.

ಬಾಗಿಲಲ್ಲಿ ಕಿರಿಯಳು ನಿಂತಿದ್ದಳು, ನೀರಿನ ಖಾಲಿ ಜಗ್ಗು ಹಿಡಿದು. "ನೀವು ನನ್ನ ಪರ ಮಾತಾಡೋ ಅಗತ್ಯ ಇಲ್ಲ" ಅಂದಳು.

"ನಿನ್ನ ಪರ ಯಾರು ಮಾತಾಡಿದ್ರೇ? ಹೇಳಿ ಹೇಳಿ ನನಗೇ ಬೇಜಾರಾಗಿದೆ."

ಕಿರಿಯಳು ಜಗ್ಗು ತುಂಬಿಸಿಕೊಂಡು ಹೊರಟಳು. ಅವಳ ಸೆರಗು ಹಿಡಿದಿದ್ದ ಮಗು ಹೋಗುತ್ತ ಹೋಗುತ್ತ ಒಮ್ಮೆ ತಿರುಗಿ ದೊಡ್ಡಮ್ಮನನ್ನು ದುರುಗುಟ್ಟಿ ನೋಡಿತು. ಹಿರಿಯಳು ಆ ನೋಟವನ್ನು ತಪ್ಪಿಸಿಕೊಳ್ಳದೆ ನಿಂತಳು, ಆಮೇಲೆ ಉಳಿದ ತಟ್ಟೆಗಳನ್ನು ಒರೆಸಿದಳು.